ಹಳೆ ಕಾರಿನ ಒಂದು ಪ್ಲಾಸ್ಟಿಕ್ ತುಂಡಿಗೆ ಎಂಟು ತಿಂಗಳು

ಮೇಜಿನ ಮೇಲೆ ಹಳೆ ಟವೆಲ್ ಹಾಸಿ ಮಲಗಿಸಿದ್ದೀನಲ್ಲ, ಈ ತುಂಡು ನೋಡಿ. ತೆಳ್ಳಗೆ, ಉದ್ದಕ್ಕೆ, ಬಿಲ್ಲಿನ ಹಾಗೆ ಬಾಗಿದ ಬೂದು ಬಣ್ಣದ ಪ್ಲಾಸ್ಟಿಕ್. ಮುಂದಿನ ಗಾಜಿಗೂ ಎಡಗಡೆ ಬಾಗಿಲಿಗೂ ನಡುವೆ ಒಂದು ಕಂಬ ಇರುತ್ತದಲ್ಲ, ಅದನ್ನು ಒಳಗಿನಿಂದ ಮುಚ್ಚುವ ಪಿಲ್ಲರ್ ಟ್ರಿಮ್ ಇದು. ನನ್ನ ಕಾರು 1986ರದ್ದು. ಅದರ ಇಂಜಿನ್ ಭಾಗಗಳು ಇವತ್ತಿಗೂ ಸಿಗುತ್ತವೆ. ಈ ಒಂದು ತುಂಡಿಗೆ ಎಂಟು ತಿಂಗಳು ಹುಡುಕಿದೆ.

ಮೊದಲಿದ್ದ ತುಂಡು ಮುರಿದದ್ದು ನನ್ನ ಕೈಯಲ್ಲೇ. ಚಳಿಗಾಲದ ಒಂದು ಬೆಳಗ್ಗೆ, ಅದರ ಹಿಂದಿನ ವೈರ್ ನೋಡೋಣ ಅಂತ ತುದಿ ಹಿಡಿದು ಎಳೆದೆ. ಒಣ ಕಡ್ಡಿ ಮುರಿದ ಸದ್ದು ಬಂತು. ಮೂರು ತುಂಡಾಯಿತು. ಆ ದಿನ ಬೇರೆ ಏನೂ ಮಾಡಲು ಮನಸ್ಸಾಗಲಿಲ್ಲ.

ಈಗ ಆ ಮುರಿದ ತುಂಡುಗಳನ್ನು ಇಲ್ಲಿ ಜೋಡಿಸಿಟ್ಟಿದ್ದೇನೆ. ಮುಂಭಾಗ ಹಳದಿಗೆ ತಿರುಗಿದೆ. ಮಗುಚಿದರೆ ಹಿಂಭಾಗ ಮೊದಲಿನ ಬೂದು ಬಣ್ಣದಲ್ಲೇ ಇದೆ. ಇದು ಎಬಿಎಸ್ ಪ್ಲಾಸ್ಟಿಕ್. ಗಟ್ಟಿ ಪ್ಲಾಸ್ಟಿಕ್ಕಿನ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಬ್ಬರ್ ಕಣಗಳು ಹರಡಿಕೊಂಡಿರುತ್ತವೆ. ಬ್ಯುಟಡೈಯೀನ್ ಅನ್ನುವ ಪದಾರ್ಥದಿಂದ ಆದ ರಬ್ಬರ್ ಅದು. ಪೆಟ್ಟು ಬಿದ್ದರೆ ತಡೆದುಕೊಳ್ಳುವ ಶಕ್ತಿ ಬರುವುದು ಅದರಿಂದಲೇ. ಬಿಸಿಲು, ಗಾಳಿ ಮೊದಲು ತಿನ್ನುವುದೂ ಆ ರಬ್ಬರನ್ನೇ. ಹೊರಮೈಯ ರಬ್ಬರ್ ಸತ್ತ ಮೇಲೆ ಆ ಪದರ ಗಾಜಿನ ಹಾಗೆ ಪೆಡಸಾಗುತ್ತದೆ. ಬಗ್ಗಿಸಿದರೆ ಬಿರುಕು ಅಲ್ಲೇ ಹುಟ್ಟಿ ಒಳಗೆ ಓಡುತ್ತದೆ.

ಇನ್ನೊಂದು ವಿಷಯ ನೋಡಿ. ಮೂರು ಬಿರುಕುಗಳಲ್ಲಿ ಎರಡು ಶುರುವಾಗಿರುವುದು ಸ್ಕ್ರೂ ತೂತಿನಿಂದ. ಅದಕ್ಕೆ ಆಮೇಲೆ ಬರುತ್ತೇನೆ.

ಹುಡುಕಾಟದಲ್ಲಿ ನನಗೆ ಜಾಸ್ತಿ ಸಹಾಯ ಮಾಡಿದ್ದು ಹಿಂಭಾಗದಲ್ಲಿ ಅಚ್ಚಾಗಿದ್ದ ಪಾರ್ಟ್ ನಂಬರ್. ಎಡಕ್ಕೂ ಬಲಕ್ಕೂ ಬೇರೆ ಬೇರೆ ನಂಬರ್. ಎಷ್ಟೋ ಸಲ ಒಂದೇ ಅಂಕೆಯ ವ್ಯತ್ಯಾಸ ಇರುತ್ತದೆ, ಅದಕ್ಕೇ ಎರಡು ಸಲ ಓದಿ. ನಂಬರಿನ ಪಕ್ಕ ಗಡಿಯಾರದಂಥ ಒಂದು ಸಣ್ಣ ವೃತ್ತವೂ ಕಾಣಬಹುದು. ಸುತ್ತ 12 ತಿಂಗಳು, ನಡುವೆ ವರ್ಷ, ಒಂದು ಬಾಣದ ಗುರುತು. ತುಂಡು ಯಾವಾಗ ಅಚ್ಚಿನಿಂದ ಹೊರಬಂತು ಅಂತ ಅದು ಹೇಳುತ್ತದೆ.

ಮಾರುವವರು ಕಳಿಸುವುದು ಮುಂಭಾಗದ ಫೋಟೋ. ನಾವು ಕೇಳಬೇಕಾದ್ದು ಹಿಂಭಾಗದ್ದು. ನನಗೆ ಬಂದ ಮೊದಲ ತುಂಡು ಮುಂದಿನಿಂದ ಹೊಸದರಂತೆ ಹೊಳೆಯುತ್ತಿತ್ತು. ಹಿಂದೆ ಕ್ಲಿಪ್ ಕೂರುವ ಎರಡು ಗೂಡುಗಳೇ ಇರಲಿಲ್ಲ, ಬರೀ ಒಣಗಿದ ಅಂಟು. ವಾಪಸ್ ಕಳಿಸಿದೆ. ಬೇರೆಯವರ ಕೈ ಬಿದ್ದ ಟ್ರಿಮ್‌ಗಿಂತ, ಇನ್ನೂ ಕಾರಿನಲ್ಲೇ ಕೂತಿರುವ ಟ್ರಿಮ್ ನನಗೆ ಇಷ್ಟ. ಕೊನೆಗೆ ಸಿಕ್ಕಿದ್ದೂ ಹಾಗೇ. ವರ್ಷಗಟ್ಟಲೆ ಸೂರಿನ ಕೆಳಗೆ ನಿಂತಿದ್ದ, ಬಿಡಿಭಾಗಕ್ಕಾಗಿ ಬಿಚ್ಚುತ್ತಿದ್ದ ಕಾರು ಅದು. ನಾನೇ ಹೋಗಿ ಬಿಚ್ಚಿದೆ.

ಆ ದಿನದ ದೃಶ್ಯ ಇದು. ಮೊದಲು ಬಾಗಿಲಿನ ರಬ್ಬರ್ ಬೀಡಿಂಗ್ ಬಿಡಿಸಿದೆ, ಟ್ರಿಮ್‌ನ ಅಂಚು ಅದರ ಕೆಳಗೆ ಅಡಗಿರುತ್ತದೆ. ಆಮೇಲೆ ಹೇರ್ ಡ್ರೈಯರ್. ಒಂದೇ ಕಡೆ ಹಿಡಿಯಬಾರದು, ಆಡಿಸುತ್ತಲೇ ಇರಬೇಕು. ಅಂಗೈ ಇಟ್ಟರೆ ಹಿತವಾಗಿ ಬಿಸಿ ಅನ್ನಿಸಿದರೆ ಸಾಕು. ಎಬಿಎಸ್ ಮೆತ್ತಗಾಗಿ ಆಕಾರ ಕಳೆದುಕೊಳ್ಳುವುದು ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ, ಅದರ ಸಮೀಪಕ್ಕೂ ಹೋಗುವ ಅಗತ್ಯ ಇಲ್ಲ. ಮೀಟಲು ಇಟ್ಟುಕೊಂಡ ಪ್ಲಾಸ್ಟಿಕ್ ಪಟ್ಟಿಯನ್ನು ಕ್ಲಿಪ್ಪಿನ ಪಕ್ಕಕ್ಕೇ ತೂರಿಸಿ ಮೀಟಬೇಕು. ತುದಿ ಹಿಡಿದು ಎಳೆದರೆ ಇಡೀ ಬಲ ನಡುವಿನ ತೆಳು ಜಾಗದ ಮೇಲೆ ಬೀಳುತ್ತದೆ. ನಾನು ಹಿಂದೆ ಮಾಡಿದ್ದ ತಪ್ಪೇ ಅದು.

ಇಷ್ಟು ಜೋಪಾನ ಮಾಡಿದರೂ ಒಂದು ಗೂಡಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು. ಅದಕ್ಕೆ ನನ್ನ ಹಳೆ ಟ್ರಿಮ್ ಕೆಲಸಕ್ಕೆ ಬಂತು. ಅದರ ಚೂರುಗಳನ್ನು ಗಾಜಿನ ಬಾಟಲಿಗೆ ಹಾಕಿ, ಅಸಿಟೋನ್ ಸುರಿದು, ಮುಚ್ಚಳ ಬಿಗಿದು ಒಂದು ದಿನ ಬಿಟ್ಟೆ. ಚೂರು ಕರಗಿ ಗಟ್ಟಿ ಗಂಜಿಯಂತೆ ಆಯಿತು. ಅದೇ ಪ್ಲಾಸ್ಟಿಕ್, ಅದೇ ಬಣ್ಣ. ಹಿಂಭಾಗದಲ್ಲಿ ಮಾತ್ರ ತೆಳ್ಳಗೆ ಸವರಿ ಎರಡು ದಿನ ಒಣಗಿಸಿದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡವೇ ಬೇಡ, ಅಸಿಟೋನ್ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ.

ನಿಮ್ಮ ತುಂಡು ಎಬಿಎಸ್ ಹೌದೋ ಅಲ್ಲವೋ ಅಂತ ಮೊದಲು ನೋಡಿಕೊಳ್ಳಿ. ಹಳೆ ಕಾರುಗಳ ಟ್ರಿಮ್ ಮೇಲೆ ಹೆಸರು ಅಚ್ಚಾಗಿರದೇ ಇರಬಹುದು. ಮುರಿದ ಚೂರೊಂದನ್ನು ನೀರಿಗೆ ಹಾಕಿ. ಟ್ರಿಮ್‌ಗೆ ಬಳಸುವ ಇನ್ನೊಂದು ಪ್ಲಾಸ್ಟಿಕ್ಕಾದ ಸಾದಾ ಪಾಲಿಪ್ರೊಪಿಲೀನ್ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಕಾಣದ ಮೂಲೆಯಲ್ಲಿ ಒಂದು ಹನಿ ಅಸಿಟೋನ್ ಇಟ್ಟರೆ ಎಬಿಎಸ್ ಅಂಟಂಟಾಗುತ್ತದೆ, ಪಾಲಿಪ್ರೊಪಿಲೀನ್‌ಗೆ ಏನೂ ಆಗುವುದಿಲ್ಲ. ಅದಕ್ಕೆ ಈ ಗಂಜಿಯೂ ಹಿಡಿಯುವುದಿಲ್ಲ, ಸಾಮಾನ್ಯ ಅಂಟೂ ಹಿಡಿಯುವುದಿಲ್ಲ. 3ಡಿ ಪ್ರಿಂಟ್ ಮಾಡಿಸುವ ಯೋಚನೆ ಇದ್ದರೆ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ ಬೇಡ. ಅದು ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಜಾಸ್ತಿ ಬಿಸಿಯಾಗಬಹುದು. ಎಎಸ್‌ಎ ಅನ್ನುವ ಪ್ಲಾಸ್ಟಿಕ್ ಆದರೆ ಬಿಸಿಲನ್ನೂ ತಡೆಯುತ್ತದೆ.

ಇವತ್ತು ಕೂರಿಸುವ ದಿನ. ಮಧ್ಯಾಹ್ನವನ್ನೇ ಆರಿಸಿಕೊಂಡೆ. ಕಾರು, ಟ್ರಿಮ್ ಎರಡೂ ಒಂದು ಗಂಟೆ ಬಿಸಿಲಲ್ಲಿದ್ದವು. ಕ್ಲಿಪ್‌ಗಳೆಲ್ಲ ಹೊಸವು. ಅವು ನೈಲಾನ್. ನೈಲಾನ್ ನೀರು ಹೀರಿಕೊಂಡರೆ ಮೆದುವಾಗುತ್ತದೆ, ಹಾಗಾಗಿ ಹಿಂದಿನ ರಾತ್ರಿ ಬಿಸಿನೀರಿನಲ್ಲಿ ನೆನೆಹಾಕಿದ್ದೆ.

ಕೆಳಗಿನ ನಾಲಿಗೆ ಮೊದಲು ಡ್ಯಾಶ್‌ಬೋರ್ಡಿನ ಸಂದಿಗೆ. ಆಮೇಲೆ ಪ್ರತಿ ಕ್ಲಿಪ್ ತನ್ನ ತೂತಿಗೆ ನೇರವಾಗಿದೆಯಾ ಅಂತ ಟಾರ್ಚ್ ಹಿಡಿದು ನೋಡಿದೆ. ನೇರ ಇಲ್ಲದ ಕ್ಲಿಪ್ಪನ್ನು ಸುಮ್ನೆ ಒತ್ತಿದರೆ ಮುರಿಯುವುದು ಗೂಡು. ಈಗ ಅಂಗೈಯಿಂದ, ಕ್ಲಿಪ್ಪಿನ ನೇರಕ್ಕೆ ಒಂದು ಒತ್ತು. ಟಕ್. ಇನ್ನೊಂದು. ಟಕ್.

ಇನ್ನು ಸ್ಕ್ರೂ. ಮೊದಲು ಉಲ್ಟಾ ತಿರುಗಿಸಿ. ಒಂದು ಕಡೆ ಸಣ್ಣಗೆ ಕೆಳಗಿಳಿದ ಹಾಗೆ ಬೆರಳಿಗೆ ಗೊತ್ತಾಗುತ್ತದೆ. ಸ್ಕ್ರೂ ಮೊದಲು ಕೂತಿದ್ದ ಹಳೆ ಥ್ರೆಡ್ (ಸುರುಳಿ ಗೀರು) ಸಿಕ್ಕಿತು ಅಂತ ಅರ್ಥ, ಈಗ ಮುಂದಕ್ಕೆ ತಿರುಗಿಸಬಹುದು. ಕೈಯಲ್ಲೇ, ಮೆಷಿನ್ ಬೇಡ. ತಲೆ ಪ್ಲಾಸ್ಟಿಕ್ಕಿಗೆ ತಾಗಿದ ಕೂಡಲೇ ನಿಲ್ಲಿಸಬೇಕು. ಯಾಕೆ ಅಂದರೆ, ಒಂದು ಮೀಟರ್ ಉದ್ದದ ಎಬಿಎಸ್ 50 ಡಿಗ್ರಿ ಬಿಸಿ ಏರಿದರೆ ಸುಮಾರು 4 ಮಿಲಿಮೀಟರ್ ಹಿಗ್ಗುತ್ತದೆ. ಅದರ ಹಿಂದಿರುವ ಸ್ಟೀಲ್ ಹಿಗ್ಗುವುದು 0.6 ಮಿಲಿಮೀಟರ್. ಈ ತುಂಡು ದಿನವೂ ಬೆಳೆದು ಕುಗ್ಗುತ್ತಿರುತ್ತದೆ. ಅದಕ್ಕಾಗಿಯೇ ಸ್ಕ್ರೂ ತೂತನ್ನು ಉದ್ದುದ್ದ ಕೊರೆದಿರುತ್ತಾರೆ. ಅಲ್ಲಿ ಬಿಗಿಯಾಗಿ ಕಚ್ಚಿಸಿದರೆ ಅದು ಜಾರಲು ಜಾಗ ಎಲ್ಲಿ? ನನ್ನ ಹಳೆ ಟ್ರಿಮ್‌ನ ಎರಡು ಬಿರುಕುಗಳು ಬಹುಶಃ ನಾನು ಎಳೆಯುವ ಎಷ್ಟೋ ವರ್ಷ ಮೊದಲೇ ಹೀಗೇ ಶುರುವಾಗಿದ್ದವು.

ಬೀಡಿಂಗ್ ವಾಪಸ್ ಕೂತಿತು. ಬಾಗಿಲು ಹಾಕಿ ನೋಡಿದೆ, ಸದ್ದಿಲ್ಲ. ಒಳಗೆ ಕೂತು ಎಡಗಡೆ ನೋಡಿದರೆ ಆ ಬೋಳು ಕಂಬ ಈಗ ಕಾಣುವುದಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ, ತುಂಬಾ ಖುಷಿಯಾಯಿತು.

ಆಮೇಲೆ ಬಲಗಡೆ ನೋಡಿದೆ. ಅಲ್ಲಿ ಮೇಲಿನ ಸ್ಕ್ರೂ ಬಿಗಿಯಾಗಿ ಒಳಗೆ ಹೂತುಕೊಂಡಿತ್ತು. ಕಾಲು ಸುತ್ತು ಸಡಿಲಿಸಿದೆ. ಹಳೆ ಟ್ರಿಮ್‌ನಲ್ಲಿ ಉಳಿದ ಚೂರುಗಳು ಡಬ್ಬಿಯಲ್ಲಿವೆ, ಮೇಲೆ ಬಣ್ಣದ ಹೆಸರು, ಪಾರ್ಟ್ ನಂಬರ್ ಬರೆದಿಟ್ಟಿದ್ದೇನೆ.