ಹತ್ತೂರಿನ ಸಾಮಾನು, ಒಂದು ಗಾಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರಿನ ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ನಮ್ಮ ಚಿಕ್ಕಪ್ಪ 30 ವರ್ಷ ರೈಟರ್, ಅಂದರೆ ಆಳುಗಳ ಕೆಲಸ, ಲೆಕ್ಕ ನೋಡುವವರು, ಆಗಿದ್ದರು. ಅವರ ಹತ್ತಿರ ಒಂದು ಯೆಜ್ಡಿ ಬೈಕ್ ಇತ್ತು. ತಿರುವಿನ ಆಚೆ ಅದರ ಸದ್ದು ಕೇಳಿದರೆ ಸಾಕು, ಕೂತಿದ್ದ ಆಳುಗಳು ಎದ್ದು ಬುಟ್ಟಿ ಹಿಡಿಯುತ್ತಿದ್ದರು. ಆಳುಗಳ ಲೈನ್ ಮನೆಯ ಮಕ್ಕಳು ರಸ್ತೆ ಬದಿಗೆ ಓಡಿ ಬರುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾನೂ ಆ ಮಕ್ಕಳ ಜೊತೆ ನಿಂತಿರುತ್ತಿದ್ದೆ.

ಆಮೇಲೆ ಚಿಕ್ಕಪ್ಪನಿಗೆ ಮಂಡಿ ನೋವು ಬಂತು. ಕಿಕ್ ಹೊಡೆಯಲು ಆಗಲಿಲ್ಲ. ಗಾಡಿ ಸೌದೆ ಕೊಟ್ಟಿಗೆ ಸೇರಿತು. 11 ಮಳೆಗಾಲ ಅಲ್ಲೇ ನಿಂತಿತ್ತು. ನಾನು ಹೋಗಿ ನೋಡುವಾಗ ಟ್ಯಾಂಕ್ ತಳ ತೂತಾಗಿತ್ತು. ಮುಂದಿನ ಚಕ್ರ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಸೀಟಿನೊಳಗೆ ಇಲಿ ಮರಿ ಹಾಕಿತ್ತು. ಆದರೆ ಚಾಸಿ, ಅಂದರೆ ಗಾಡಿಯ ಚೌಕಟ್ಟು, ನೆಟ್ಟಗಿತ್ತು, ಇಂಜಿನ್ ಅದರ ಜಾಗದಲ್ಲೇ ಇತ್ತು. ಗಾಡಿಯ ಆರ್‌ಸಿ ಪುಸ್ತಕವನ್ನು ಚಿಕ್ಕಮ್ಮ ಕಬ್ಬಿಣದ ಪೆಟ್ಟಿಗೆಯಲ್ಲಿ, ಮದುವೆ ಸೀರೆಯ ಕೆಳಗೆ, ಜೋಪಾನವಾಗಿ ಇಟ್ಟಿದ್ದರು.

ಹಾಸನದಲ್ಲಿ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸುವುದು ನನ್ನ ಉದ್ಯೋಗ. ಅರ, ಸೂಕ್ಷ್ಮ ಅಳತೆಯ ವರ್ನಿಯರ್, ಮೈಕ್ರೋಮೀಟರ್ ಇವೇ ನನ್ನ ದಿನದ ಸಂಗಾತಿಗಳು. ಈ ಗಾಡಿಯನ್ನು ಮತ್ತೆ ಕಟ್ಟಲು ನನಗೆ ಮೂರು ವರ್ಷ ಹಿಡಿಯಿತು. ಟ್ಯಾಂಕ್ ಒಂದು ಊರಿನದು, ಚಕ್ರ ಇನ್ನೊಂದು ಊರಿನದು, ಹ್ಯಾಂಡಲ್ ಮತ್ತೊಂದು ಕಡೆಯದು. ಹೀಗೆ ಹತ್ತು ಕಡೆಯ ಸಾಮಾನು ಒಂದು ಗಾಡಿಯಾಗುವಾಗ ಏನೇನು ನಡೆಯುತ್ತದೆ, ಅದನ್ನು ಇವತ್ತು ಹೇಳುತ್ತೇನೆ.

ಮೊದಲು ಈ ಗಾಡಿಯ ಹುಟ್ಟು. ಜಾವಾ ಅನ್ನುವ ಹೆಸರು ಬಂದದ್ದು ಜೆಕ್ ದೇಶದಿಂದ. ಯಾನೆಚೆಕ್ ಎಂಬ ಮಾಲೀಕರ ಹೆಸರಿನ ಮೊದಲ ಅಕ್ಷರಗಳು, ವಾಂಡರರ್ ಎಂಬ ಕಂಪನಿಯ ಮೊದಲ ಅಕ್ಷರಗಳು, ಎರಡೂ ಸೇರಿ 1929ರಲ್ಲಿ ಜಾವಾ ಆಯಿತು. ನಮ್ಮ ಮೈಸೂರಿಗೆ ಅದನ್ನು ತಂದವರು ಇರಾನಿ ಮನೆತನದವರು. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಶುರುವಾಯಿತು. ಯಾದವಗಿರಿಯ ಕಾರ್ಖಾನೆಯಿಂದ ಮರುವರ್ಷ ಗಾಡಿಗಳು ಹೊರಗೆ ಬಂದವು. 1973ರಿಂದ ಅದೇ ಕಾರ್ಖಾನೆಯ ಗಾಡಿಗೆ ಯೆಜ್ಡಿ ಅಂತ ಹೆಸರು. 1996ರಲ್ಲಿ ಬಾಗಿಲು ಮುಚ್ಚಿತು.

ಹೆಸರು ಬದಲಾದರೂ ಹಳೇ ಯೆಜ್ಡಿಯ ಒಳಗೆ ಇರುವುದು ಜಾವಾದ ಜೀವವೇ. 250 ಸಿಸಿಯ ಟೂ ಸ್ಟ್ರೋಕ್ ಇಂಜಿನ್. ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು. ಎಡಗಡೆಯ ಒಂದೇ ಲಿವರ್ ಕಿಕ್ಕರೂ ಹೌದು, ಗೇರೂ ಹೌದು. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಸ್ಟಾರ್ಟ್ ಆದ ಮೇಲೆ ಕೆಳಗಿಳಿಸಿದರೆ ಗೇರ್. ಚೈನ್ ಪೂರ್ತಿ ಡಬ್ಬಿಯೊಳಗೆ. ಮಲೆನಾಡಿನ ಕೆಸರಿಗೆ ಇದಕ್ಕಿಂತ ಒಳ್ಳೆ ಏರ್ಪಾಟು ಇನ್ನೊಂದಿಲ್ಲ. ಜೂನ್ ತಿಂಗಳಲ್ಲಿ ತೋಟದ ರಸ್ತೆಯಲ್ಲಿ ಚೈನ್ ಬಿಚ್ಚಿ ಮಣ್ಣು ಕೆರೆದವರಿಗೆ ಇದರ ಬೆಲೆ ಗೊತ್ತು.

ಇನ್ನು ಸಾಮಾನು ಹುಡುಕುವ ಕೆಲಸ. ಭಾನುವಾರ ಬಂದರೆ ಗುಜರಿ ಅಂಗಡಿ. ಹಾಸನ, ಅರಸೀಕೆರೆ, ಬೇಲೂರು, ಸಕಲೇಶಪುರ, ಮೂಡಿಗೆರೆ. ಒಮ್ಮೆ ಬೆಂಗಳೂರಿನ ಶಿವಾಜಿನಗರ. ಸಕಲೇಶಪುರದ ಒಂದು ತೋಟದ ಷೆಡ್ಡಿನಲ್ಲಿ ಜಾವಾ ಟ್ಯಾಂಕ್ ಸಿಕ್ಕಿತು. ಅದರಲ್ಲಿ ಡೀಸೆಲ್ ತುಂಬಿಟ್ಟಿದ್ದರು. ಹಾಗಾಗಿ ಒಳಗೆ ತುಕ್ಕು ಕಡಿಮೆ. ಹ್ಯಾಂಡಲ್ ಸಿಕ್ಕಿದ್ದು ಕೋಳಿ ಗೂಡಿನ ಅಡ್ಡಪಟ್ಟಿಯಾಗಿ. ಆ ಮನೆಯ ಅಜ್ಜಿ ದುಡ್ಡು ಬೇಡ, ಬದಲಿಗೆ ಒಂದು ಗಟ್ಟಿ ಬಿದಿರು ಕೊಡು ಅಂದರು. ಕೊಟ್ಟೆ.

ಸಿಕ್ಕಿದ್ದೆಲ್ಲ ಹೊಂದುತ್ತದೆ ಅಂದುಕೊಂಡರೆ ಕೆಟ್ಟೆವು. ನೋಡಲು ಒಂದೇ ತರಹ ಇರುವುದೇ ಜಾಸ್ತಿ ಮೋಸ ಮಾಡುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಜಾವಾದ ಬೋಲ್ಟುಗಳು ಮಿಲಿಮೀಟರ್ ಲೆಕ್ಕದವು. 1955ರಿಂದ ಮದ್ರಾಸಿನಲ್ಲಿ ತಯಾರಾದ ಬುಲೆಟ್ ಇಂಗ್ಲೆಂಡಿನ ಗಾಡಿ, ಅದರ ಹಳೇ ಬೋಲ್ಟುಗಳು ಇಂಚಿನ ಲೆಕ್ಕದವು. ಗುಜರಿ ಡಬ್ಬಿಯಲ್ಲಿ ಎರಡೂ ಕಲಸಿಹೋಗಿರುತ್ತವೆ. 8 ಮಿಲಿಮೀಟರ್ ಬೋಲ್ಟಿನ ಪಕ್ಕ ಇಂಚಿನ 16ರಲ್ಲಿ 5 ಭಾಗದ ಬೋಲ್ಟ್ ಇಡಿ. ಇಂಚಿನದ್ದು 7.94 ಮಿಲಿಮೀಟರ್. ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಮರೆಯ, ಅಂದರೆ ಬೋಲ್ಟಿನ ತಿರುಪು ಗೆರೆಯ, ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ. ಆಮೇಲೆ ಬಿಗಿ. ಪಾನಾ ಹಾಕಿ ತಿರುಗಿಸಿದರೆ ಅಲ್ಯುಮಿನಿಯಂ ಇಂಜಿನ್ನಿನ ಮರೆ ಪುಡಿಯಾಗಿ ಹೊರಗೆ ಬರುತ್ತದೆ. ನಾನು ಹುಡುಗರಿಗೆ ಹೇಳುವುದು ಇಷ್ಟೇ: ಬೆರಳಲ್ಲಿ ತಿರುಗಬೇಕು. ಬೆರಳಿಗೆ ತಿರುಗದ ಬೋಲ್ಟಿಗೆ ಪಾನಾ ತಾಗಿಸಬೇಡಿ. ಮೊದಲು ಮರೆಯ ಅಂತರ ಅಳೆಯುವ ಪಿಚ್ ಗೇಜ್ ಹಿಡಿದು ನೋಡಿ.

ಚಕ್ರದ್ದು ಬೇರೆ ಕಥೆ. ಹಳೇ ಜಾವಾಗೆ 16 ಇಂಚಿನ ಚಕ್ರ. ನನಗೆ ಮೊದಲು ಸಿಕ್ಕಿದ್ದು ಯೆಜ್ಡಿಯ ಇನ್ನೊಂದು ಮಾದರಿ ರೋಡ್‌ಕಿಂಗಿನ 18 ಇಂಚಿನ ಚಕ್ರ, ಒಳ್ಳೆ ಸ್ಥಿತಿಯಲ್ಲಿತ್ತು, ಕ್ರೋಮ್ ಕೂಡ ಉಳಿದಿತ್ತು. ಹಾಕಿ ನೋಡಿದೆ. ಗಾಡಿಯ ಮೂತಿ ಮೇಲೆದ್ದಿತು. ಹ್ಯಾಂಡಲ್ ತಿರುಗುವುದು ಮಂದವಾಯಿತು. ಗುಂಡಿ ಹಾರಿದಾಗ ಟೈರ್ ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಮಡ್‌ಗಾರ್ಡ್ ಎತ್ತರಿಸಿ ಕೂರಿಸೋಣ ಅಂತ ಗೆಳೆಯರು ಹೇಳಿದರು. ನನಗೆ ಮನಸ್ಸಾಗಲಿಲ್ಲ. ಒಂದು ತಪ್ಪು ಮುಚ್ಚಲು ಇನ್ನೊಂದು ಸಾಮಾನು ಕತ್ತರಿಸುವುದು ಯಾಕೆ, ಅಲ್ವಾ? ಏಳು ತಿಂಗಳು ಕಾದೆ. ಅರಸೀಕೆರೆಯಲ್ಲಿ 16 ಇಂಚಿನ ಹಬ್ ಸಿಕ್ಕಿತು. ಹೊಸ ಕಡ್ಡಿ ಹೆಣೆಸಿ ರಿಮ್ಮಿನ ಓಟ, ಅಂದರೆ ಅತ್ತಿತ್ತ ವಾಲಾಟ, ತೆಗೆಸಿದೆ.

ಟ್ಯಾಂಕಿನೊಳಗೆ ಉಳಿದಿದ್ದ ತುಕ್ಕಿಗೆ ಚಿಕ್ಕಮ್ಮನೇ ದಾರಿ ಹೇಳಿದರು. ಹಿತ್ತಾಳೆ ಪಾತ್ರೆ ಬೆಳಗುವ ಹುಣಸೆಹಣ್ಣು. ಹಳೇ ಹುಣಸೆಯ ಗಟ್ಟಿ ರಸಕ್ಕೆ ಎರಡು ಹಿಡಿ ಸಣ್ಣ ಜಲ್ಲಿ ಸೇರಿಸಿ ಟ್ಯಾಂಕಿಗೆ ಸುರಿದೆವು. ಹಳೇ ಕಂಬಳಿ ಸುತ್ತಿ, ಇಬ್ಬರು ಎರಡು ಕಡೆ ಹಿಡಿದು, ಮಗುವಿನ ತೊಟ್ಟಿಲು ತೂಗಿದ ಹಾಗೆ ತೂಗಿದೆವು. ಮೂರು ದಿನ. ಆಮೇಲೆ ಸೋಡಾ ಪುಡಿ ಕಲಸಿದ ನೀರಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ತಡ ಮಾಡದೆ ಎಣ್ಣೆ ಹಾಕಿ ಅಲ್ಲಾಡಿಸಿದೆವು. ಒಣಗಿದ ತಗಡು ಹಾಗೇ ಬಿಟ್ಟರೆ ಮರುದಿನವೇ ಮತ್ತೆ ಕೆಂಪಾಗುತ್ತದೆ.

ವೈರಿಂಗ್ ಬಗ್ಗೆ ಒಂದೇ ಮಾತು. ಹಳೇ ಜಾವಾ 6 ವೋಲ್ಟಿನದು. ಬೇರೆ ಬೇರೆ ಗಾಡಿಯ ಬಲ್ಬು, ಹಾರ್ನು ತಂದು ಸೇರಿಸುವಾಗ ಅದರ ಮೇಲೆ ಬರೆದದ್ದು ಓದಿ. 12 ವೋಲ್ಟಿನ ಬಲ್ಬ್ 6 ವೋಲ್ಟಿಗೆ ಹಾಕಿದರೆ ಬುಡ್ಡಿ ದೀಪ. ತಿರುಗುಮುರುಗು ಮಾಡಿದರೆ ಆ ಕ್ಷಣವೇ ಬಲ್ಬ್ ಹೋಯಿತು.

ನಾನು ಜಾಸ್ತಿ ದಿನ ಕಳೆದದ್ದು ಇಂಜಿನ್ ಮುಂದೆ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿ ಮೊದಲು ಕೆಳಗೆ, ಕ್ರ್ಯಾಂಕ್ ಎಂಬ ತಿರುಗುವ ದಂಡ ಇರುವ ಕೋಣೆಗೆ ಹೋಗುತ್ತದೆ. ಅಲ್ಲಿಂದ ಒತ್ತಡದಲ್ಲಿ ಮೇಲೆ ಏರುತ್ತದೆ. ಆ ಕೋಣೆ ಗಾಳಿಯಾಡದ ಹಾಗೆ ಭದ್ರವಾಗಿರಬೇಕು. ಅದನ್ನು ಕಾಯುವುದು ಎರಡು ಬದಿಯ ಆಯಿಲ್ ಸೀಲ್‌ಗಳು. ಗೇರಿನ ಕಡೆಯ ಸೀಲ್ ಹೋದರೆ ಇಂಜಿನ್ ಗೇರ್ ಆಯಿಲ್ ಹೀರಿಕೊಂಡು ದಟ್ಟ ಹೊಗೆ ಬಿಡುತ್ತದೆ, ಗೇರ್ ಬಾಕ್ಸ್ ಖಾಲಿಯಾಗುತ್ತಾ ಬರುತ್ತದೆ. ಡೈನಮೊ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ನುಗ್ಗುತ್ತದೆ, ಪೆಟ್ರೋಲು ಮತ್ತು ಎಣ್ಣೆ ಸಾಲದೆ ಇಂಜಿನ್ ಕಾಯುತ್ತದೆ. ಎಷ್ಟೋ ಜನ ಸೀಲ್ ನೋಡದೆ, ಪೆಟ್ರೋಲು ಗಾಳಿ ಬೆರೆಸುವ ಕಾರ್ಬೊರೇಟರ್ ಬದಲಾಯಿಸುತ್ತಾ ಕೂರುತ್ತಾರೆ. ಕೆಲವೇ ರೂಪಾಯಿಯ ರಬ್ಬರ್ ಬಳೆ ಆ ಸೀಲ್. ಇಂಜಿನ್ ಬಿಚ್ಚಿದಾಗ ಹೊಸದೇ ಹಾಕಿ.

ನನ್ನ ಸಿಲಿಂಡರ್ ಒಳಗೆ ಗೀರು ಬಿದ್ದಿತ್ತು. ಮೂಲ ಅಳತೆ 65 ಮಿಲಿಮೀಟರ್. ಗೀರು ಹೋಗುವಷ್ಟು ಕೊರೆಸಿ ಅದರೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ 65.50ರದ್ದು ಹಾಕಬೇಕಾಯಿತು. ಕೊರೆಸಲು ಬೇರೆ ಊರಿನ ಒಂದು ಅಂಗಡಿಗೆ ಕೊಟ್ಟೆ. ವಾಪಸ್ ಬಂದಾಗ ನಾನು ಅಳೆಯಬೇಕಿತ್ತು. ಮೈಕ್ರೋಮೀಟರ್ ಮೇಜಿನ ಮೇಲೇ ಇತ್ತು. ಗಾಡಿ ಓಡುವುದನ್ನು ನೋಡುವ ಆಸೆಗೆ ಅಳೆಯದೆ ಜೋಡಿಸಿಬಿಟ್ಟೆ.

ಮೊದಲ ದೊಡ್ಡ ಓಟ ಚಿಕ್ಕಮಗಳೂರಿನಿಂದ, ಕೈಮರ ಎಂಬ ಜಾಗದ ಮೂಲಕ, ಮುಳ್ಳಯ್ಯನಗಿರಿ ಬೆಟ್ಟದ ಕಡೆಗೆ. ಏರು ಶುರುವಾಗಿ ಸ್ವಲ್ಪ ಹೊತ್ತಿಗೆ ಇಂಜಿನ್ನಿನ ಸದ್ದು ಬಿಗಿಯಿತು. ನೋಡನೋಡುತ್ತಲೇ ಹಿಂದಿನ ಚಕ್ರ ಸಿಕ್ಕಿಕೊಂಡು ರಸ್ತೆಯ ಮೇಲೆ ಎಳೆದುಕೊಂಡು ಹೋಯಿತು. ಪಿಸ್ಟನ್ ಜಾಮ್. ಕ್ಲಚ್ ಹಿಡಿದದ್ದರಿಂದ ಬೀಳಲಿಲ್ಲ. ಹಿಂದೆ ಬಸ್ಸು ಇರಲಿಲ್ಲ ಅನ್ನುವುದು ಪುಣ್ಯ. ಮನೆಗೆ ತಂದು ಅಳೆದರೆ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಇರಬೇಕಾದ ಸಂದು ಇರಲೇ ಇಲ್ಲ. ಕಾದ ಪಿಸ್ಟನ್ ಹಿಗ್ಗಲು ಜಾಗವಿಲ್ಲದೆ ಕಚ್ಚಿಕೊಂಡಿತ್ತು. ಕೊರೆದವರದು ಎಷ್ಟು ತಪ್ಪೋ, ಅಳೆಯದ ನನ್ನದೂ ಅಷ್ಟೇ. ಹಳೇ ಟೂ ಸ್ಟ್ರೋಕ್ ಓಡಿಸುವವರು ಎರಡು ಬೆರಳು ಕ್ಲಚ್ ಮೇಲೇ ಇಟ್ಟಿರಿ. ಆ ಎರಡು ಬೆರಳೇ ಅವತ್ತು ನನ್ನನ್ನು ಉಳಿಸಿದ್ದು.

ಘಟ್ಟ ಇಳಿಯುವಾಗಿನ ವಿಷಯವನ್ನೂ ಇಲ್ಲೇ ಹೇಳಬೇಕು. ಈ ಗಾಡಿಗೆ ಎಣ್ಣೆ ಪೆಟ್ರೋಲಿನ ಜೊತೆಗೇ ಹೋಗುತ್ತದೆ. ಲೀಟರಿಗೆ 40 ಮಿಲಿಲೀಟರ್ ಬೆರೆಸಿ ಹಾಕುತ್ತೇವೆ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ. ಅಲ್ಲಿಂದ ಗೇರಿನಲ್ಲಿಟ್ಟು, ಎಕ್ಸಲೇಟರ್ ಪೂರ್ತಿ ಬಿಟ್ಟು ಇಳಿದರೆ ಪೆಟ್ರೋಲು ಹೋಗುವುದಿಲ್ಲ. ಪೆಟ್ರೋಲು ಹೋಗದಿದ್ದರೆ ಎಣ್ಣೆಯೂ ಇಲ್ಲ. ಇಂಜಿನ್ ಮಾತ್ರ ಜೋರಾಗಿ ತಿರುಗುತ್ತಲೇ ಇರುತ್ತದೆ. ಅದಕ್ಕೇ ಹಳಬರು ಇಳಿಜಾರಿನಲ್ಲಿ ಆಗಾಗ ಎಕ್ಸಲೇಟರ್ ತಿರುವಿ ಬಿಡುತ್ತಿದ್ದರು. ಚಿಕ್ಕಪ್ಪ ಇಳಿಯುವಾಗ ನಡುನಡುವೆ ಗುರ್ರ್ ಅನ್ನಿಸುತ್ತಿದ್ದದ್ದು ಶೋಕಿಗೆ ಅಂತ ನಾವು ಮಕ್ಕಳು ಅಂದುಕೊಂಡಿದ್ದೆವು. ಅದು ಇಂಜಿನ್ನಿಗೆ ಎಣ್ಣೆ ಕುಡಿಸುವ ಕೆಲಸ ಅಂತ ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಟೂ ಸ್ಟ್ರೋಕ್ ಇಂಜಿನ್ ಇಳಿಜಾರಿನಲ್ಲಿ ಗಾಡಿಯನ್ನು ಅಷ್ಟಾಗಿ ಹಿಡಿದು ನಿಲ್ಲಿಸುವುದೂ ಇಲ್ಲ. ಭಾರವೆಲ್ಲ ಬ್ರೇಕಿನ ಮೇಲೆ. ಗುಜರಿಯಲ್ಲಿ ಸಿಕ್ಕ ಬ್ರೇಕ್ ಡ್ರಮ್ ಸಾಮಾನ್ಯವಾಗಿ ಸವೆದು ಕೋಳಿಮೊಟ್ಟೆಯಾಗಿರುತ್ತದೆ. ಲೇತಿಗೆ ಕೊಟ್ಟು ದುಂಡಗೆ ಮಾಡಿಸಿ, ಶೂಗೆ ಹೊಸ ಲೈನಿಂಗ್ ಅಂಟಿಸಿ, ಪೂರ್ತಿ ತಾಗುವ ಹಾಗೆ ಉಜ್ಜಬೇಕು. ಬಣ್ಣಕ್ಕೆ, ಕ್ರೋಮಿಗೆ ಸಾವಿರಾರು ರೂಪಾಯಿ ಸುರಿದು ಬ್ರೇಕಿಗೆ ಹಳೇ ಲೈನಿಂಗ್ ಬಿಟ್ಟ ಗಾಡಿಗಳನ್ನು ನೋಡಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆ ಕಿವುಚುತ್ತದೆ. ನನ್ನ ಗಾಡಿಗೆ ಬಣ್ಣ ಹೊಡೆಸಿದ್ದು ಎಲ್ಲಕ್ಕಿಂತ ಕೊನೆಗೆ.

ಕಾಗದ ಪತ್ರದ ಮಾತು ಸ್ವಲ್ಪ ಗಮನ ಕೊಟ್ಟು ಕೇಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರ ಆರ್‌ಸಿಯಲ್ಲಿ ಹೇಗಿದೆಯೋ ಅದಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಬೇರೆ ಇಂಜಿನ್ ಕೂರಿಸುವುದಾದರೆ ಮೊದಲು ಆರ್‌ಟಿಓ ಅನುಮತಿ ಪಡೆಯಬೇಕು. ಗುಜರಿಯಲ್ಲಿ ಇಂಜಿನ್ ಕೊಳ್ಳುವಾಗ ನಂಬರ್ ಅಳಿಸಿದ್ದರೆ, ಅರ ಹಾಕಿದ ಗುರುತಿದ್ದರೆ, ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಅದು ಯಾರದೋ ಮನೆಯಿಂದ ಕದ್ದ ಗಾಡಿಯದಾಗಿರಬಹುದು. ನಾನು ಚಿಕ್ಕಪ್ಪನ ಚಾಸಿ, ಚಿಕ್ಕಪ್ಪನ ಇಂಜಿನ್ ಎರಡನ್ನೂ ಬಿಡದೆ ಉಳಿಸಿಕೊಂಡದ್ದು ಪ್ರೀತಿಗೂ ಹೌದು, ಈ ಕಾರಣಕ್ಕೂ ಹೌದು.

ವಿಂಟೇಜ್ ಅನ್ನುವ ಪದವನ್ನು ಈಗ ಸುಮ್ನೆ ಎಲ್ಲದಕ್ಕೂ ಬಳಸುತ್ತಾರೆ. 2021ರ ಕೇಂದ್ರ ನಿಯಮದಲ್ಲಿ ಅದಕ್ಕೆ ಅರ್ಥ ಇದೆ. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಅಂಥ ಗಾಡಿಗೆ ವಿಎ ಅಕ್ಷರಗಳಿರುವ ಬೇರೆ ನಂಬರ್ ಸಿಗುತ್ತದೆ. ಆದರೆ ದಿನನಿತ್ಯ ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ಮೂಲ ರೂಪ ಕಾಪಾಡಿಕೊಂಡವರ ಮೇಲೆ ನನಗೆ ತುಂಬಾ ಗೌರವ. ನನ್ನ ಗಾಡಿ ಆ ಸಾಲಿನದಲ್ಲ. ಇದು ಸಂತೆಗೆ ಹೋಗುವ ಗಾಡಿ, ತೋಟಕ್ಕೆ ಹೋಗುವ ಗಾಡಿ. ಚಿಕ್ಕಪ್ಪನ ಕಾಲದಲ್ಲೂ ಅದು ಹಾಗೇ ಬದುಕಿತ್ತು. ಕ್ಲಚ್ ಪ್ಲೇಟ್ ಸಿಗದಿದ್ದರೆ ಪಕ್ಕದ ತೋಟದ ಗಾಡಿಯದು, ಕೇಬಲ್ ಹರಿದರೆ ಸೈಕಲ್ ಅಂಗಡಿಯದು.

ಬಣ್ಣ ಒಣಗಿದ ಮೇಲೆ ಗಾಡಿ ತೆಗೆದುಕೊಂಡು ಆಲ್ದೂರಿಗೆ ಹೋದೆ. ಚಿಕ್ಕಪ್ಪ ಜಗಲಿಯಲ್ಲಿ ಕೂತಿದ್ದರು. ನಾನು ಅಂಗಳಕ್ಕೆ ಬರುವ ಮೊದಲೇ, ತಿರುವಿನ ಆಚೆಯ ಸದ್ದಿಗೇ ಎದ್ದು ನಿಂತಿದ್ದರು ಅಂತ ಚಿಕ್ಕಮ್ಮ ಆಮೇಲೆ ಹೇಳಿದರು. ಟ್ಯಾಂಕ್ ಮುಟ್ಟಿ ನೋಡಿದರು. "ಇದು ನನ್ನದಲ್ಲ" ಅಂದರು. ಹ್ಯಾಂಡಲ್ ಹಿಡಿದರು. "ಇದೂ ಅಲ್ಲ" ಅಂದರು. ಆಮೇಲೆ ಬಗ್ಗಿ, ಒಂದು ಕೈ ಮಂಡಿಯ ಮೇಲೆ ಊರಿ, ಇಂಜಿನ್ನಿನ ಹತ್ತಿರ ಕಿವಿ ಕೊಟ್ಟರು. ಬಹಳ ಹೊತ್ತು ಮಾತಾಡಲಿಲ್ಲ.

"ಒಂದು ರೌಂಡ್ ಕೂರಿಸ್ಕೊಂಡು ಹೋಗೋ ಮಗಾ," ಅಂದರು.

ಹೋದೆವು. ಹಳೇ ಡಿಪೋ ತನಕ ಹೋಗಿ ಬಂದೆವು. ಇಳಿಜಾರಿನಲ್ಲಿ ಅವರು ಹಿಂದಿನಿಂದ ನನ್ನ ಭುಜ ತಟ್ಟಿದರು. ಎಕ್ಸಲೇಟರ್ ತಿರುವಲು ನೆನಪಿಸಿದ್ದು.

ಗಾಡಿಗೆ ಇನ್ನೂ ಒಂದು ಸಾಮಾನು ಸಿಕ್ಕಿಲ್ಲ. ಬಲಗಡೆಯ ಟೂಲ್ ಬಾಕ್ಸಿನ ಮುಚ್ಚಳ. ಸದ್ಯ ತಗಡಿನದು ಬಡಿಸಿ ಹಾಕಿದ್ದೇನೆ. ನಿಮ್ಮ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಮೂಲೆಯಲ್ಲಿ ಹಳೇ ಜಾವಾದ ತುಂಡು ಏನಾದರೂ ಬಿದ್ದಿದ್ದರೆ, ಈ ಭಾನುವಾರ ಒಮ್ಮೆ ಧೂಳು ಒರೆಸಿ ನೋಡಿ. ಕೆಜಿ ಲೆಕ್ಕಕ್ಕೆ ತೂಗಿಸುವ ಮೊದಲು ನಿಮ್ಮೂರಿನ ಹಳೇ ಮೆಕ್ಯಾನಿಕ್ಕಿಗೆ ಒಂದು ಮಾತು ಕೇಳಿ. ಅದಕ್ಕಾಗಿ ಕಾಯುತ್ತಿರುವ ಗಾಡಿ ಯಾವುದು ಅಂತ ಅವರಿಗೆ ಗೊತ್ತಿರುತ್ತದೆ.

ನಮಸ್ಕಾರ.