ತಕ್ಕಡಿಯ ಮೇಲೆ ನಿಂತ ಜೋ ಗ್ಯಾನ್ಸ್

ಅಧ್ಯಕ್ಷರೇ, ಹಿರಿಯರೇ, ಗೆಳೆಯರೇ,

ಬಾಕ್ಸಿಂಗ್ ಮಾತು ಬಂದಾಗಲೆಲ್ಲ ಜನರ ನಾಲಿಗೆಯ ಮೇಲೆ ಮೊದಲು ಬರುವುದು ಹೆವಿವೇಟ್ ಬಾಕ್ಸರುಗಳ ಹೆಸರು. ದೊಡ್ಡ ಮೈಯ, ದೊಡ್ಡ ಗುದ್ದಿನ ಆ ಮನುಷ್ಯರಿಗೆ ಒಂದು ಅನುಕೂಲವಿದೆ. ಅವರ ತೂಕಕ್ಕೆ ಮೇಲ್ಮಿತಿಯಿಲ್ಲ. ಹೊಟ್ಟೆ ತುಂಬ ಉಂಡು, ದಾಹ ತೀರುವಷ್ಟು ನೀರು ಕುಡಿದು ತೂಕಕ್ಕೆ ನಿಲ್ಲಬಹುದು. ಲೈಟ್‌ವೇಟ್ ಬಾಕ್ಸರನಿಗೆ ಆ ಭಾಗ್ಯವಿಲ್ಲ. ಇಂದು ಆ ವಿಭಾಗದ ಮಿತಿ 135 ಪೌಂಡ್, ಅಂದರೆ 61.2 ಕಿಲೋ. ಅದಕ್ಕಿಂತ ಸ್ವಲ್ಪ ಹೆಚ್ಚಾದರೂ ಪಟ್ಟ ಕೈತಪ್ಪುತ್ತದೆ. ಅವನ ಎದುರಾಳಿಗಳು ಬದಲಾಗುತ್ತಾರೆ, ಊರುಗಳು ಬದಲಾಗುತ್ತವೆ, ತಕ್ಕಡಿ ಮಾತ್ರ ಕೊನೆಯವರೆಗೂ ಎದುರಿಗೇ ನಿಂತಿರುತ್ತದೆ.

ಆ ತಕ್ಕಡಿ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಅದಕ್ಕಾಗಿಯೇ ಇಂದು ಜೋ ಗ್ಯಾನ್ಸ್ ಎಂಬ ಬಾಕ್ಸರನ ವೃತ್ತಿಜೀವನವನ್ನು ನಿಮ್ಮ ಮುಂದಿಡಲು ಬಂದಿದ್ದೇನೆ.

ಗ್ಯಾನ್ಸ್ ಹುಟ್ಟಿದ್ದು 1874ರಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ. ಗುಲಾಮಗಿರಿ ಕಾನೂನಿನಿಂದ ಅಳಿದು ಆಗಿನ್ನೂ ಹತ್ತು ವರ್ಷವೂ ಆಗಿರಲಿಲ್ಲ. ಅವನನ್ನು ಬೆಳೆಸಿದವಳು ಸಾಕುತಾಯಿ ಮರಿಯಾ. ಹುಡುಗ ಬಂದರಿನ ಮೀನು ಮಾರುಕಟ್ಟೆಯಲ್ಲಿ ಸಿಂಪಿಯ ಚಿಪ್ಪು ಬಿಡಿಸುವ ಕೆಲಸಕ್ಕೆ ಸೇರಿದ. ರಿಂಗಿನ ಪರಿಚಯವಾದದ್ದು ಇನ್ನೂ ಕ್ರೂರವಾದ ದಾರಿಯಿಂದ. ಆ ಕಾಲದಲ್ಲಿ ‘ಬ್ಯಾಟಲ್ ರಾಯಲ್’ ಎಂಬ ಮನರಂಜನೆಯಿತ್ತು. ಹಲವು ಕಪ್ಪು ಹುಡುಗರನ್ನು ಒಟ್ಟಿಗೆ ರಿಂಗಿಗೆ ನುಗ್ಗಿಸುತ್ತಿದ್ದರು, ಎಷ್ಟೋ ಸಲ ಕಣ್ಣಿಗೆ ಬಟ್ಟೆ ಕಟ್ಟಿ. ಒಬ್ಬರನ್ನೊಬ್ಬರು ಬಡಿದು ಕೊನೆಗೆ ನಿಂತವನಿಗೆ ಪ್ರೇಕ್ಷಕರು ಚಿಲ್ಲರೆ ಎಸೆಯುತ್ತಿದ್ದರು. ಗ್ಯಾನ್ಸ್ ಅಲ್ಲಿ ಕೊನೆಗೆ ನಿಂತವನು. ನೋಡಲು ಬಂದಿದ್ದವರಲ್ಲಿ ಒಬ್ಬನಾದ ಆಲ್ ಹರ್ಫರ್ಡ್ ಎಂಬ ಬಿಳಿಯ ಜೂಜುಕೋರ ಮುಂದೆ ಅವನ ಮ್ಯಾನೇಜರನಾದ.

ಅವನ ಆಟದ ಬಗೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸಮಕಾಲೀನರು ಅವನಿಗೆ ‘ಓಲ್ಡ್ ಮಾಸ್ಟರ್’ ಎಂದು ಹೆಸರಿಟ್ಟಿದ್ದರು, ಹಿರಿಯ ಗುರು ಎಂಬ ಅರ್ಥದಲ್ಲಿ. ಬಾಕ್ಸಿಂಗ್ ಎಂದರೆ ನುಗ್ಗಿ ಬಡಿಯುವುದು ಎಂದು ಬಹುಪಾಲು ಜನ ನಂಬಿದ್ದ ಕಾಲವದು. ಗ್ಯಾನ್ಸ್ ನುಗ್ಗುತ್ತಿರಲಿಲ್ಲ. ಎದುರಾಳಿಯ ಗುದ್ದು ಹೊರಡುವ ಮುನ್ನವೇ ಅದು ಬರುವ ದಾರಿಯಲ್ಲಿ ತನ್ನ ಅಂಗೈ ಇಟ್ಟಿರುತ್ತಿದ್ದ. ಅವನ ಹೊಡೆತಗಳು ಚಿಕ್ಕವು, ನೇರವಾದವು. ತೋಳನ್ನು ಹಿಂದಕ್ಕೆಳೆದು ಬೀಸುವುದಕ್ಕೆ ಅವನಲ್ಲಿ ಜಾಗವೇ ಇರಲಿಲ್ಲ. ಕಾಲನ್ನು ಬೇಕಾದಷ್ಟೇ ಸರಿಸುವುದು, ತಲೆಯನ್ನು ಬೇಕಾದಷ್ಟೇ ಬಾಗಿಸುವುದು, ಉಸಿರನ್ನು ಕೂಡಿಡುವುದು. ಸುತ್ತುಗಳಿಗೆ ಮಿತಿಯೇ ಇಲ್ಲದ ಹೋರಾಟಗಳಿದ್ದ ಕಾಲದಲ್ಲಿ ಈ ಮಿತವ್ಯಯ ಬರೀ ಸೊಗಸಿಗಾಗಿ ಇದ್ದದ್ದಲ್ಲ, ಬದುಕಿ ಉಳಿಯುವುದಕ್ಕಾಗಿ ಇದ್ದದ್ದು.

ಒಂದು ಉದಾಹರಣೆ ಕೊಡುತ್ತೇನೆ. 1900ರ ಮಾರ್ಚ್‌ನಲ್ಲಿ ಅವನು ಲೈಟ್‌ವೇಟ್ ಪಟ್ಟಕ್ಕಾಗಿ ಫ್ರ್ಯಾಂಕ್ ಅರ್ನ್‌ನನ್ನು ಎದುರಿಸಿದ. ಹನ್ನೆರಡನೇ ಸುತ್ತಿನಲ್ಲಿ ಕಣ್ಣಿನ ಬಳಿ ಆಳವಾದ ಗಾಯವಾಗಿ, ಹೋರಾಟ ನಿಲ್ಲಿಸುವಂತೆ ತಾನೇ ಕೇಳಿಕೊಂಡ. ಪುಕ್ಕಲ ಎಂದು ಜರೆದರು. ಅವನು ಮರುಮಾತಾಡಲಿಲ್ಲ. ಆದರೆ ಅರ್ನ್ ಹೊಡೆಯುವ ಮುನ್ನ ಮಾಡುತ್ತಿದ್ದ ಒಂದು ಸಣ್ಣ ಹುಸಿ ಚಲನೆ ಅವನ ಮನಸ್ಸಿನಲ್ಲಿ ಕುಳಿತಿತ್ತು ಎನ್ನುತ್ತಾರೆ. 1902ರ ಮೇ 12ರಂದು ಕೆನಡಾದ ಫೋರ್ಟ್ ಈರಿಯಲ್ಲಿ ಇಬ್ಬರೂ ಮತ್ತೆ ಎದುರಾದರು. ಅದೇ ಹುಸಿ ಚಲನೆಗಾಗಿ ಗ್ಯಾನ್ಸ್ ಕಾದ. ಮೊದಲ ಸುತ್ತಿನಲ್ಲಿ ಎರಡು ನಿಮಿಷ ತುಂಬುವಷ್ಟರಲ್ಲಿ ಅರ್ನ್ ನೆಲದ ಮೇಲಿದ್ದ. ಎರಡು ವರ್ಷದ ಓದು, ಎರಡು ನಿಮಿಷದ ಪರೀಕ್ಷೆ! ಇದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಕಪ್ಪುವರ್ಣೀಯರಲ್ಲಿ ವಿಶ್ವ ಚಾಂಪಿಯನ್ನರು ಅದಕ್ಕೂ ಮೊದಲೇ ಇದ್ದರು. ಜಾರ್ಜ್ ಡಿಕ್ಸನ್ ಕೆನಡಾದವನು, ಜೋ ವಾಲ್ಕಾಟ್ ಬಾರ್ಬಡೋಸ್‌ನವನು. ಅಮೆರಿಕದ ನೆಲದಲ್ಲೇ ಹುಟ್ಟಿ ಆ ಎತ್ತರಕ್ಕೇರಿದ ಮೊದಲ ಕಪ್ಪು ಬಾಕ್ಸರ್ ಗ್ಯಾನ್ಸ್.

ಪಟ್ಟ ಬಂದರೂ ಹಣ ಬರಲಿಲ್ಲ. ಹಣದ ಹಿಡಿತ ಮ್ಯಾನೇಜರನ ಕೈಯಲ್ಲಿತ್ತು. ಗ್ಯಾನ್ಸ್‌ನ ಹೆಸರಿಗೆ ಒಂದು ಕಲೆಯೂ ಅಂಟಿಕೊಂಡಿತ್ತು. 1900ರ ಡಿಸೆಂಬರ್‌ನಲ್ಲಿ ಷಿಕಾಗೋದಲ್ಲಿ ಟೆರಿ ಮೆಕ್‌ಗವರ್ನ್ ಎದುರು ಅವನು ಎರಡನೇ ಸುತ್ತಿನಲ್ಲೇ ಬಿದ್ದ. ಫಲಿತಾಂಶ ಮೊದಲೇ ನಿಗದಿಯಾಗಿತ್ತು ಎಂಬ ಗುಲ್ಲು ಎಷ್ಟು ಜೋರಾಯಿತೆಂದರೆ ಆ ನಗರದಲ್ಲಿ ಬಾಕ್ಸಿಂಗನ್ನೇ ನಿಷೇಧಿಸಿದರು. ಗ್ಯಾನ್ಸ್ ದೋಷಿಯಲ್ಲ ಎಂದು ವಾದಿಸಲು ನಾನು ನಿಂತಿಲ್ಲ. ಆದರೆ ಆಗಿನ ಕಪ್ಪು ಬಾಕ್ಸರನೊಬ್ಬನ ಸ್ಥಿತಿಯನ್ನು ಗಮನಿಸಿ. ಬಿಳಿಯರನ್ನು ಸದಾ ಗೆಲ್ಲುತ್ತಿದ್ದರೆ ಅವನಿಗೆ ಮುಂದಿನ ಹೋರಾಟವೇ ಸಿಗುತ್ತಿರಲಿಲ್ಲ. ಎಷ್ಟು ಹೊತ್ತು ಆಡಬೇಕು, ಎಷ್ಟು ಬಲವಾಗಿ ಹೊಡೆಯಬೇಕು ಎಂಬುದನ್ನು ಬೇರೆಯವರು ಹೇಳಿಕೊಡುತ್ತಿದ್ದರು. ಇನ್ನು ದುಡಿಮೆಯ ಭಾರವಂತೂ ಇಂದಿನವರು ಊಹಿಸಲಾರದಷ್ಟು. 1903ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಒಂದು ರಾತ್ರಿ ಹೋರಾಡಿ, ಮರುದಿನವೇ ಬಾಸ್ಟನ್ನಿನಲ್ಲಿ ಸ್ಯಾಮ್ ಲ್ಯಾಂಗ್‌ಫರ್ಡ್‌ನಂಥ ಅಪ್ರತಿಮ ತರುಣನ ಎದುರು ಹದಿನೈದು ಸುತ್ತು ನಿಂತ. ಸೋತ. ಸೋಲದೆ ಇನ್ನೇನು? ಒಟ್ಟಾರೆ ಅವನು ಆಡಿದ ಹೋರಾಟಗಳು 150ಕ್ಕೂ ಹೆಚ್ಚು.

ಈಗ ಗೋಲ್ಡ್‌ಫೀಲ್ಡ್ ವಿಷಯಕ್ಕೆ ಬರುತ್ತೇನೆ.

ನೆವಾಡಾದ ಮರುಭೂಮಿಯಲ್ಲಿ ಚಿನ್ನ ಸಿಕ್ಕಿ ಕೆಲವೇ ವರ್ಷಗಳಲ್ಲಿ ಎದ್ದು ನಿಂತ ಊರು ಗೋಲ್ಡ್‌ಫೀಲ್ಡ್. ತಮ್ಮ ಊರಿನ ಹೆಸರು ದೇಶಕ್ಕೆಲ್ಲ ತಿಳಿಯಬೇಕು, ಗಣಿ ಷೇರುಗಳು ಮಾರಾಟವಾಗಬೇಕು ಎಂಬ ಆಸೆ ಅಲ್ಲಿನವರದು. ಅಲ್ಲೊಂದು ಮದ್ಯದಂಗಡಿ ನಡೆಸುತ್ತಿದ್ದ ಟೆಕ್ಸ್ ರಿಕಾರ್ಡ್ ಹೋರಾಟವೊಂದನ್ನು ಏರ್ಪಡಿಸಲು ಮುಂದಾದ. ಅದೇ ಅವನ ಮೊದಲ ಯತ್ನ. ಮುಂದೆ ಅವನು ಅಮೆರಿಕದ ಅತಿ ದೊಡ್ಡ ಬಾಕ್ಸಿಂಗ್ ಆಯೋಜಕನಾದ. 30,000 ಡಾಲರ್ ಬಹುಮಾನದ ಹಣವನ್ನು ಚಿನ್ನದ ನಾಣ್ಯಗಳಲ್ಲಿ ಜೋಡಿಸಿ ಬ್ಯಾಂಕಿನ ಕಿಟಕಿಯಲ್ಲಿ ಜನ ನೋಡುವಂತೆ ಇಟ್ಟ. ಎದುರಾಳಿ ಡೆನ್ಮಾರ್ಕಿನಲ್ಲಿ ಹುಟ್ಟಿದ ‘ಬ್ಯಾಟ್ಲಿಂಗ್’ ನೆಲ್ಸನ್. ಎಷ್ಟು ಹೊಡೆದರೂ ಬೀಳದವನು ಎಂದೂ, ತಲೆಯಿಂದ ಡಿಕ್ಕಿ ಹೊಡೆಯಲು ಹೇಸದವನು ಎಂದೂ ಹೆಸರಾಗಿದ್ದವನು.

ಗ್ಯಾನ್ಸ್ ಚಾಂಪಿಯನ್. ನ್ಯಾಯವಾಗಿ ಷರತ್ತು ಹಾಕಬೇಕಾದವನು ಅವನೇ. ಆದರೆ ಅಷ್ಟರಲ್ಲಿ ಅವನ ಜೇಬು ಬರಿದಾಗಿತ್ತು, ಅದು ಎದುರು ಪಕ್ಷಕ್ಕೆ ಚೆನ್ನಾಗಿ ಗೊತ್ತಿತ್ತು. ನೆಲ್ಸನ್ ಮ್ಯಾನೇಜರ್ ಬಿಲ್ಲಿ ನೋಲನ್ ಮೊದಲು ಬಹುಮಾನದ ಮೇಲೆ ಇನ್ನಷ್ಟು ಹಣ ಕೇಳಿದ, ನಂತರ ತೂಕ ಕೇಳಿದ. ಗ್ಯಾನ್ಸ್‌ಗೆ 11,000 ಡಾಲರ್, ನೆಲ್ಸನ್‌ಗೆ ಅದರ ಎರಡು ಪಟ್ಟಿಗೂ ಹೆಚ್ಚು. ತೂಕ 133 ಪೌಂಡ್, ಸುಮಾರು 60.3 ಕಿಲೋ. ಅದೂ ಬರಿಮೈಯಲ್ಲಿ ಅಲ್ಲ, ಬೂಟು ಮತ್ತು ಕೈಗವಸುಗಳ ಸಮೇತ. ಹಿಂದಿನ ದಿನವಲ್ಲ, ಹೋರಾಟದ ದಿನವೇ. ಒಂದು ಸಲವಲ್ಲ, ಮೂರು ಸಲ.

ಇದರ ಅರ್ಥವನ್ನು ಬಿಡಿಸಿ ಹೇಳಬೇಕು. ಇಂದು ತೂಕ ನೋಡುವುದು ಸಾಮಾನ್ಯವಾಗಿ ಹೋರಾಟದ ಹಿಂದಿನ ದಿನ. ಬೆವರು ಹರಿಸಿ, ಬಾಯಾರಿ ಮಿತಿಗೆ ಬಂದವನು ತಕ್ಕಡಿಯಿಂದ ಇಳಿದ ಕೂಡಲೇ ನೀರು ಕುಡಿಯುತ್ತಾನೆ, ಉಣ್ಣುತ್ತಾನೆ, ನಿದ್ದೆ ಮಾಡುತ್ತಾನೆ, ಮೈ ಮತ್ತೆ ತುಂಬಿಕೊಳ್ಳುತ್ತದೆ. ಗ್ಯಾನ್ಸ್‌ಗೆ ಮೊದಲ ತೂಕವಾದ ಮೇಲೂ ಒಂದು ಲೋಟ ನೀರು ಕುಡಿಯುವಂತಿರಲಿಲ್ಲ, ಮುಂದಿನ ತೂಕ ಕಾದಿತ್ತು. ಅವನು ಒಣಗಿಯೇ ರಿಂಗಿಗೆ ಬರಬೇಕು ಎಂಬುದೇ ಆ ಷರತ್ತಿನ ಉದ್ದೇಶ. ಹೋರಾಟ ಶುರುವಾಗುವ ಮುನ್ನವೇ ಅವನನ್ನು ಹೊಡೆದಾಗಿತ್ತು, ಒಂದು ಗುದ್ದೂ ಇಲ್ಲದೆ. ಇದನ್ನು ವ್ಯವಹಾರದ ಚಾತುರ್ಯ ಎಂದು ಬರೆದವರಿದ್ದಾರೆ. ನನ್ನ ದೃಷ್ಟಿಯಲ್ಲಿ ಇದು ಶುದ್ಧ ಅನ್ಯಾಯ.

1906ರ ಸೆಪ್ಟೆಂಬರ್ 3. ಮಧ್ಯಾಹ್ನದ ಮರುಭೂಮಿಯ ಬಿಸಿಲು. ಸುತ್ತುಗಳಿಗೆ ಮಿತಿಯಿಲ್ಲ, ಒಬ್ಬ ಸೋಲುವ ತನಕ ನಡೆಯಬೇಕು. ರೆಫರಿ ಜಾರ್ಜ್ ಸೈಲರ್. ಗ್ಯಾನ್ಸ್ ತನ್ನ ಎಂದಿನ ರೀತಿಯಲ್ಲಿ ನೆಲ್ಸನ್‌ನ ಮುಖವನ್ನು ಊದಿಸಿದ, ಅವನನ್ನು ಕೆಡವಿದ, ಬಿದ್ದವನಿಗೆ ಕೈಕೊಟ್ಟು ಎಬ್ಬಿಸಿದ್ದೂ ಉಂಟು. ನೆಲ್ಸನ್ ತಲೆಯಿಂದ ತಿವಿಯುತ್ತಲೇ ಇದ್ದ. ಹತ್ತು ಸುತ್ತು, ಇಪ್ಪತ್ತು, ಮೂವತ್ತು. ಮೂವತ್ತಮೂರನೇ ಸುತ್ತಿನಲ್ಲಿ ಗ್ಯಾನ್ಸ್‌ನ ಬಲಗೈ ಮುರಿಯಿತೆಂದೂ, ಅದು ತಿಳಿಯಬಾರದೆಂದು ಕಾಲಿಗೆ ಪೆಟ್ಟಾದವನಂತೆ ಕುಂಟಿ ತೋರಿಸಿದನೆಂದೂ ಹೇಳುತ್ತಾರೆ. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಒಂದೇ ಕೈಯ ಕಾಳಗ. ನಲವತ್ತೆರಡನೇ ಸುತ್ತಿನಲ್ಲಿ ನೆಲ್ಸನ್ ಸೊಂಟದ ಕೆಳಗೆ ಹೊಡೆದ. ಗ್ಯಾನ್ಸ್ ಕುಸಿದ. ಸೈಲರ್ ನೆಲ್ಸನ್‌ನನ್ನು ಅನರ್ಹಗೊಳಿಸಿ ಗ್ಯಾನ್ಸ್ ಗೆದ್ದನೆಂದು ಸಾರಿದ. ಮೂರು ನಿಮಿಷದ ಸುತ್ತು, ನಡುವೆ ಒಂದು ನಿಮಿಷದ ಬಿಡುವು ಎಂದು ಲೆಕ್ಕ ಹಾಕಿದರೆ ಎರಡೂಮುಕ್ಕಾಲು ಗಂಟೆ! ಇಂದಿನ ಪಟ್ಟದ ಹೋರಾಟ ಪೂರ್ತಿ ಹನ್ನೆರಡು ಸುತ್ತು ನಡೆದರೂ ಮುಕ್ಕಾಲು ಗಂಟೆಯ ಸುಮಾರಿಗೆ ಮುಗಿಯುತ್ತದೆ.

ಹನ್ನೆರಡು ಎಂಬ ಆ ಮಿತಿಯ ಹಿಂದೆಯೂ ಒಬ್ಬ ಲೈಟ್‌ವೇಟ್ ಇದ್ದಾನೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1982ರ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ ಎಂಬ ಯುವಕ ರೇ ಮ್ಯಾನ್ಸಿನಿ ಎದುರು ಹದಿನಾಲ್ಕನೇ ಸುತ್ತಿನಲ್ಲಿ ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನೂ ತೂಕ ಇಳಿಸಲು ಬಹಳ ಕಷ್ಟಪಟ್ಟಿದ್ದ. ಆ ಸಾವಿನ ನಂತರ ವಿಶ್ವ ಬಾಕ್ಸಿಂಗ್ ಮಂಡಳಿ ಪಟ್ಟದ ಹೋರಾಟಗಳನ್ನು ಹದಿನೈದರಿಂದ ಹನ್ನೆರಡು ಸುತ್ತಿಗೆ ಇಳಿಸಿತು. ಉಳಿದ ಸಂಸ್ಥೆಗಳು ಕ್ರಮೇಣ ಅದೇ ದಾರಿ ಹಿಡಿದವು. ಸುತ್ತುಗಳು ಕಡಿಮೆಯಾದವು, ಸರಿ. ಬಾಯಾರಿಸಿ ತೂಕ ಇಳಿಸುವ ಪದ್ಧತಿ ಮಾತ್ರ ಇಂದಿಗೂ ಹಾಗೆಯೇ ಇದೆ. ನೀರು ಬತ್ತಿದ ದೇಹದ ಮಿದುಳು ಪೆಟ್ಟಿಗೆ ಸುಲಭವಾಗಿ ಸೋಲುತ್ತದೆ ಎಂದು ಅನೇಕ ವೈದ್ಯರು ಎಚ್ಚರಿಸುತ್ತಾರೆ. ನಿಯಮ ಮಾಡುವವರು ಆ ಮಾತಿಗೆ ಇನ್ನೂ ಸಾಕಷ್ಟು ಕಿವಿಗೊಟ್ಟಿಲ್ಲ ಎಂಬುದು ನನ್ನ ದೂರು.

ಗ್ಯಾನ್ಸ್ ಕತೆಗೆ ಮರಳುತ್ತೇನೆ. ಗೋಲ್ಡ್‌ಫೀಲ್ಡ್ ಹೋರಾಟಕ್ಕೆ ಮುನ್ನ ತಾಯಿ ಮರಿಯಾ ಮಗನಿಗೆ ಒಂದು ತಂತಿ ಕಳುಹಿಸಿದ್ದಳು. ಮನೆಗೆ ಹಂದಿಮಾಂಸ ತೆಗೆದುಕೊಂಡು ಬಾ ಎಂಬುದು ಅದರ ಸಾರ. ಗೆದ್ದ ಮೇಲೆ ಮಗ ಮಾಂಸದ ಜೊತೆ ಸಾರನ್ನೂ ತರುತ್ತಿದ್ದೇನೆ ಎಂದು ಉತ್ತರಿಸಿದನಂತೆ. ಪತ್ರಿಕೆಗಳು ಅದನ್ನು ದೇಶಕ್ಕೆಲ್ಲ ಹಂಚಿದವು. ಗಳಿಸಿ ಮನೆ ನಡೆಸುವುದು ಎಂಬ ಅರ್ಥದಲ್ಲಿ ತಾಯಿಯ ಆ ಮಾತು ಇಂಗ್ಲಿಷಿನಲ್ಲಿ ಮನೆಮಾತಾಯಿತು. ಮಗ ಬಾಲ್ಟಿಮೋರ್‌ನಲ್ಲಿ ಒಂದು ಹೋಟೆಲ್ ತೆರೆದು ಅದಕ್ಕೆ ಗೋಲ್ಡ್‌ಫೀಲ್ಡ್ ಎಂದೇ ಹೆಸರಿಟ್ಟ. ಮುಂದೆ ಹೆಸರಾಂತ ಸಂಗೀತಗಾರನಾದ ಯೂಬಿ ಬ್ಲೇಕ್ ಎಳೆವಯಸ್ಸಿನಲ್ಲಿ ಅಲ್ಲಿ ಪಿಯಾನೋ ನುಡಿಸುತ್ತಿದ್ದ. ಗ್ಯಾನ್ಸ್‌ನ ಬದುಕಿನಲ್ಲಿ ನನಗೆ ತುಂಬ ಇಷ್ಟವಾಗುವ ಭಾಗ ಇದು. ಗುದ್ದಾಟದ ಹಣದಿಂದ ಸಂಗೀತ ಹುಟ್ಟಿದ ಮನೆ.

ಸುಖ ಬಹಳ ದಿನ ಉಳಿಯಲಿಲ್ಲ. ಶ್ವಾಸಕೋಶಕ್ಕೆ ಕ್ಷಯ ಹಿಡಿದಿತ್ತು. ವರ್ಷಗಟ್ಟಲೆ ಒಣಗಿಸಿದ ದೇಹದಲ್ಲಿ ರೋಗ ಬೇಗ ಬೇರೂರಿತು ಎಂದು ಬಲ್ಲವರು ಹೇಳಿದ್ದಾರೆ, ನಾನೂ ಹಾಗೆಯೇ ನಂಬುತ್ತೇನೆ. 1908ರ ಜುಲೈ 4ರಂದು ಅದೇ ನೆಲ್ಸನ್ ಹದಿನೇಳನೇ ಸುತ್ತಿನಲ್ಲಿ ಅವನನ್ನು ಸೋಲಿಸಿ ಪಟ್ಟ ಕಸಿದುಕೊಂಡ. ಸೆಪ್ಟೆಂಬರ್‌ನಲ್ಲಿ ಮತ್ತೆ ಎದುರಾದಾಗ ಇಪ್ಪತ್ತೊಂದನೇ ಸುತ್ತಿನವರೆಗೆ ನಿಂತ. ಆ ವರ್ಷದ ಕೊನೆಯಲ್ಲಿ ಜಾಕ್ ಜಾನ್ಸನ್ ಸಿಡ್ನಿಯಲ್ಲಿ ಹೆವಿವೇಟ್ ಪಟ್ಟ ಗೆದ್ದ. ಕಪ್ಪು ಚಾಂಪಿಯನ್ ಎಂದೊಡನೆ ಜಗತ್ತು ಅವನತ್ತ ತಿರುಗಿತು.

ಒಣಹವೆ ಎದೆಗೆ ಒಳ್ಳೆಯದು ಎಂಬ ನಂಬಿಕೆಯಲ್ಲಿ ಗ್ಯಾನ್ಸ್ ಅರಿಜೋನಾಕ್ಕೆ ಹೋದ. ಒಂದು ಕಾಲದಲ್ಲಿ ಮರುಭೂಮಿಯ ಬಿಸಿಲಲ್ಲಿ ಎರಡೂಮುಕ್ಕಾಲು ಗಂಟೆ ನಿಂತವನು ಈಗ ಅದೇ ಬಿಸಿಲಿನಿಂದ ಜೀವ ಬೇಡುತ್ತಿದ್ದ. ಗುಣವಾಗುವ ಆಸೆ ಕೈಬಿಟ್ಟಾಗ ಅವನು ಕೇಳಿದ್ದು ಒಂದೇ, ಮನೆಗೆ ಕರೆದೊಯ್ಯಿರಿ ಎಂದು. ಪಶ್ಚಿಮದಿಂದ ಪೂರ್ವಕ್ಕೆ ದೇಶವನ್ನೇ ದಾಟುವ ದೀರ್ಘ ರೈಲು ಪಯಣ. 133 ಪೌಂಡಿಗೆ ಇಳಿಯಲು ಅಷ್ಟು ವರ್ಷ ಹೆಣಗಿದ ಆ ಮೈ ಈಗ ಯಾರೂ ಕೇಳದೆಯೇ ಇಳಿಯುತ್ತ ಹೋಗಿತ್ತು. ಬಾಲ್ಟಿಮೋರ್ ಸೇರಿ, 1910ರ ಆಗಸ್ಟ್ 10ರಂದು, ತಂತಿ ಕಳುಹಿಸಿದ್ದ ಆ ತಾಯಿಯ ಮನೆಯಲ್ಲಿ ಕಣ್ಣು ಮುಚ್ಚಿದ. ಅವನಿಗಾಗ ಮೂವತ್ತೈದು ವರ್ಷ.