ನಾಣ್ಯ ಹಿಡಿದಾಗ ಹಾಡು ಎಲ್ಲಿ ಹೋಗುತ್ತದೆ?

ಎಲ್ಲರಿಗೂ ನಮಸ್ಕಾರ.

90ರ ದಶಕದಲ್ಲಿ ಬೆಳೆದವರಿಗೆ ಟಿವಿಗೆ ಸಿಕ್ಕಿಸುವ ಗೇಮ್ ಡಬ್ಬಿ, ಅದರೊಳಗೆ ಒತ್ತಿ ಕೂರಿಸುವ ಹಳದಿ ಕ್ಯಾಸೆಟ್ ನೆನಪಿರುತ್ತದೆ ಅಲ್ವಾ? ನಮ್ಮ ಊರುಗಳಿಗೆ ಬಂದಿದ್ದು ಹೆಚ್ಚಾಗಿ ನಿಂಟೆಂಡೊದ ಫ್ಯಾಮಿಕಾಮ್‌ನ ನಕಲುಗಳು. ಅಸಲಿ ಯಂತ್ರ ಜಪಾನಿನಲ್ಲಿ 1983ರಲ್ಲಿ ಬಂತು. ಅದರ ಸಂಗೀತವನ್ನು ಸುಮ್ನೆ ಪೀಂ ಪೀಂ ಸದ್ದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಮೊದಲು ಸ್ವಲ್ಪ ಹಿಂದೆ ಹೋಗೋಣ. 1978ರಲ್ಲಿ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ 'ಸ್ಪೇಸ್ ಇನ್ವೇಡರ್ಸ್' ಅನ್ನೋ ವಿಡಿಯೋ ಗೇಮ್ ಮಾಡಿದರು. ಅದರ ಹಿನ್ನೆಲೆಯಲ್ಲಿ ಇರುವುದು ನಾಲ್ಕೇ ಸ್ವರ. ಇಳಿಯುತ್ತಾ ಬರುತ್ತವೆ, ಮತ್ತೆ ಮೊದಲಿನಿಂದ ಶುರು. ಪರದೆಯ ಮೇಲೆ 55 ಶತ್ರುಗಳು. ಅಷ್ಟನ್ನೂ ಸರಿಸುವುದು ಆ ಯಂತ್ರಕ್ಕೆ ಭಾರ. ನೀವು ಹೊಡೆದು ಉರುಳಿಸಿದಷ್ಟೂ ಭಾರ ಇಳಿಯುತ್ತದೆ, ಉಳಿದವರ ಓಟ ಜೋರಾಗುತ್ತದೆ. ನಿಶಿಕಾಡೊ ಅದನ್ನು ತಿದ್ದಲಿಲ್ಲ, ಹಾಗೇ ಇಟ್ಟುಕೊಂಡರು. ಆ ನಾಲ್ಕು ಸ್ವರಗಳೂ ಜೊತೆಗೇ ಓಡುತ್ತವೆ. ಗೆಲ್ಲುತ್ತಾ ಹೋದ ಹಾಗೆ ಎದೆಬಡಿತ ಏರುತ್ತದೆ!

ಈಗ ನನಗೆ ತುಂಬಾ ಇಷ್ಟವಾದದ್ದಕ್ಕೆ ಬರುತ್ತೇನೆ. 1985ರ 'ಸೂಪರ್ ಮಾರಿಯೊ ಬ್ರದರ್ಸ್', ಸಂಗೀತ ಕೋಜಿ ಕೊಂಡೊ ಅವರದು. ಫ್ಯಾಮಿಕಾಮ್‌ನಲ್ಲಿ ಐದು ದನಿಗಳಿವೆ. ಈ ಆಟ ಬಳಸುವುದು ನಾಲ್ಕನ್ನೇ. ಎರಡು ದನಿ ರಾಗಕ್ಕೆ ಮತ್ತು ಅದರ ಜೊತೆಗಾರನಿಗೆ, ಒಂದು ತಗ್ಗಿನ ಸ್ವರಕ್ಕೆ, ಒಂದು ಬರೀ ಗರಗರ ಸದ್ದು. ಆ ಗರಗರವೇ ಇಲ್ಲಿ ಡ್ರಮ್.

ಹಾಗಾದರೆ ಜಿಗಿಯುವ ಸದ್ದು, ನಾಣ್ಯದ ಸದ್ದು ಎಲ್ಲಿಂದ ಬರಬೇಕು? ಅದೇ ದನಿಗಳಿಂದ. ಮಾರಿಯೊ ಜಿಗಿದಾಗ, ನಾಣ್ಯ ಹಿಡಿದಾಗ, ಹಾಡಿನ ಒಂದು ದನಿ ಆ ಕ್ಷಣ ಹಾಡು ಬಿಟ್ಟು ಈ ಕೆಲಸಕ್ಕೆ ಬರುತ್ತದೆ. ಆದರೆ ಹಾಡು ನಿಂತಿರುವುದಿಲ್ಲ. ಕಛೇರಿಯಲ್ಲಿ ಗಾಯಕರು ಉಸಿರು ತೆಗೆದುಕೊಳ್ಳುವಾಗ ತೊಡೆಯ ಮೇಲೆ ತಾಳ ನಡೆದೇ ಇರುತ್ತದಲ್ಲ, ಹಾಗೆ ಒಳಗೆ ಎಣಿಕೆ ನಡೆದಿರುತ್ತದೆ. ಸದ್ದು ಮುಗಿದ ಕೂಡಲೇ ದನಿ ಸರಿಯಾದ ಜಾಗದಲ್ಲೇ ಬಂದು ಕೂಡಿಕೊಳ್ಳುತ್ತದೆ. ನಡುವೆ ಬಿಟ್ಟುಹೋದ ಸ್ವರಗಳನ್ನು ನಮ್ಮ ಕಿವಿಯೇ ತುಂಬಿಕೊಂಡಿರುತ್ತದೆ. ಅಂದರೆ ಇಬ್ಬರು ಆಡಿದರೆ ಇಬ್ಬರಿಗೂ ಕೇಳುವುದು ಬೇರೆ ಬೇರೆ ಹಾಡು. ನನಗೆ ಇದು ಈಗಲೂ ಬೆರಗು.

ನೀರಿನೊಳಗೆ ಇಳಿದರೆ ಹಾಡು ಮೂರರ ಎಣಿಕೆಗೆ ತಿರುಗಿ ತೇಲುತ್ತದೆ. ಸಮಯ 100ಕ್ಕಿಂತ ಕೆಳಗಿಳಿದರೆ ಅದೇ ಹಾಡು ಓಟ ಕೀಳುತ್ತದೆ.

ಚಿತ್ರದ ಬಗ್ಗೆ ಒಂದೇ ಮಾತು. ಇಡೀ ಆಟ 40 ಕಿಲೋಬೈಟ್, ಅದರಲ್ಲಿ ಚಿತ್ರಗಳಿಗೆ ಸಿಕ್ಕಿದ್ದು 8. ಹಾಗಾಗಿ ಆಕಾಶದ ಮೋಡ, ನೆಲದ ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ.

ಈಗ ಮೊದಲ ಹಂತವನ್ನು ಆಡಿ ತೋರಿಸುತ್ತೇನೆ. ಪರದೆ ನೋಡಬೇಡಿ, ಕಣ್ಣು ಮುಚ್ಚಿಕೊಳ್ಳಿ. ನಾಣ್ಯದ ಸದ್ದು ಬಂದಾಗ ಹಾಡಿನಲ್ಲಿ ಏನು ಕಳೆಯಿತು ಅಂತ ಕೇಳಿಸಿಕೊಳ್ಳಿ.